ಅಡ್ಡಹೆಸರು ಕೇಳುವ ಚಟ

ಇಟಲಿ ದೇಶದವರ ಅಡ್ಡಹೆಸರನ್ನು ಕಾಗದದ ಮೇಲೆ ಕಂಡ ಕೂಡಲೇ ಗುರುತಿಸಬಲ್ಲೆ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಬಹಳ ಹಿಂದಿನ ಮಾತಲ್ಲ, ಹೋದ ವರ್ಷದ ಚಳಿಗಾಲದ್ದು. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದವನಿಗೆ ಇಟಲಿಯ ಉಸಾಬರಿ ಯಾಕೆ ಬೇಕಿತ್ತು ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಬೇಡವಾಗಿತ್ತು. ಆದರೆ ಆ ಉಸಾಬರಿಗೆ ಹೋಗದೆ ಇದ್ದಿದ್ದರೆ ನಾನು ಮಾಡಿದ ಒಂದು ತಪ್ಪು ನನಗೆ ತಪ್ಪೆಂದು ಕಾಣದೆಯೇ ನನ್ನ ಆಯುಷ್ಯ ಮುಗಿದುಹೋಗುತ್ತಿತ್ತು.

ನಿವೃತ್ತಿಯ ಮೇಲೆ ನಾವು ಗಂಗಾವತಿಯಲ್ಲಿ ಮನೆ ಮಾಡಿದೆವು. ನನ್ನ ತಂಗಿಯ ಮಗ ಆನೆಗೊಂದಿಯ ಹತ್ತಿರ ಬಾಳೆತೋಟದ ಮಗ್ಗುಲಿಗೆ ನಾಲ್ಕು ಕೋಣೆ ಕಟ್ಟಿಸಿ, ಬಂಡೆಗುಡ್ಡ ನೋಡಲು ಬರುವ ಪರದೇಶದವರಿಗೆ ಬಾಡಿಗೆಗೆ ಕೊಡುತ್ತಾನೆ. ಬಂದವರ ಹೆಸರು, ಅಡ್ಡಹೆಸರು, ದೇಶ, ಪಾಸ್‌ಪೋರ್ಟ್ ನಂಬರು ಎಲ್ಲ ಬರೆದುಕೊಂಡು ಪೊಲೀಸರಿಗೆ ತಿಳಿಸಬೇಕು. ನನ್ನ ಅಳಿಯನ ಅಕ್ಷರ ಕೋಳಿ ಕೆದರಿದ ಹಾಗೆ. ಒಂದು ದಿನ ಮನೆಗೆ ಬಂದು, "ಮಾಮಾ, ಮನ್ಯಾಗ ಕುಂತು ಅತ್ತಿ ಕೂಡ ಜಗಳಾಡೂದಕ್ಕಿಂತ ನಮ್ಮಲ್ಲಿ ಬಂದು ರಿಜಿಸ್ಟರ್ ಬರೀರಿ. ನಿಮ್ಮ ಅಕ್ಷರ ಛಲೋ ಅದಾವು" ಎಂದ. ಅಕ್ಷರವನ್ನು ಹೊಗಳಿದರೆ ನಾನು ಎಲ್ಲಿಗೆ ಬೇಕಾದರೂ ಹೋಗುವವನು. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಅಡ್ಡಹೆಸರು ಕೇಳುವ ಚಟ ನನಗೆ ಮೊದಲಿನಿಂದ ಇತ್ತು. ನಮ್ಮ ಕಡೆ ಅದು ಎಲ್ಲರಿಗೂ ಅಷ್ಟಿಷ್ಟು ಇರುವುದೇ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಹೆಸರು ಕೇಳಿ ಸುಮ್ಮನಾಗುವವರು ಕಡಿಮೆ. "ಅಡ್ಡಹೆಸರೇನ್ರಿ?" ಎನ್ನುತ್ತೇವೆ. ಪತ್ತಾರ, ಬಡಿಗೇರ, ಕಮ್ಮಾರ ಎಂದರೆ ಕಸುಬು ತಿಳಿಯಿತು. ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ ಎಂದರೆ ಯಾರೋ ಹಿರಿಯರು ಆ ವ್ಯಾಪಾರ ಮಾಡಿದ್ದಾರೆ. ಗುಡ್ಡದ ಎಂದರೆ ಗುಡ್ಡದ ಮಗ್ಗುಲಲ್ಲಿ ಇದ್ದವರು. ಇದೆಲ್ಲ ಲೋಕಜ್ಞಾನ ಎಂದು ಹೇಳಿಕೊಳ್ಳುತ್ತೇವೆ, ಆದರೆ ಒಳಗೆ ಬೇಕಾಗಿರುವುದು ಜಾತಿ. ಬಾಯಿಬಿಟ್ಟು ಕೇಳಲಾಗದ್ದನ್ನು ಸುತ್ತಿ ಬಳಸಿ ಕೇಳುವ ಮರ್ಯಾದಸ್ಥರ ದಾರಿ ಇದು. ನಾನು ಆ ದಾರಿಯಲ್ಲಿ ಬಹಳ ದೂರ ಹೋದವನು. ಹೆಸರು ಹೇಳಿದರೆ ಸಾಕು, ಊರು, ಓಣಿ, ಅವರ ಬೀಗರು ಯಾವ ಕಡೆಯವರು ಎಂಬುದನ್ನೂ ಹೇಳಿ ಎದುರಿಗಿದ್ದವರು ಬಾಯಿ ತೆರೆಯುವಂತೆ ಮಾಡುತ್ತಿದ್ದೆ.

ಊರ ಹೆಸರಿನ ಅಡ್ಡಹೆಸರುಗಳ ಬಗ್ಗೆ ನನ್ನದೊಂದು ಸಿದ್ಧಾಂತವಿತ್ತು. ಊರಲ್ಲಿ ಇರುವವರಿಗೆ ಊರ ಹೆಸರು ಅಂಟುವುದಿಲ್ಲ, ಊರು ಬಿಟ್ಟು ಹೋದವರಿಗೆ ಅಂಟುತ್ತದೆ. ತಾವರಗೇರಿಯಲ್ಲಿ ಕುಳಿತವನನ್ನು ತಾವರಗೇರಿಯವನು ಎಂದು ಕರೆದರೆ ಯಾರಿಗೆ ಗುರುತು ಸಿಗಬೇಕು? ಅವನು ಕೊಪ್ಪಳಕ್ಕೆ ಹೋಗಿ ಅಂಗಡಿ ಇಟ್ಟರೆ ಅಲ್ಲಿನವರು ಹಾಗೆ ಕರೆಯುತ್ತಾರೆ. ನನ್ನ ಅಡ್ಡಹೆಸರೂ ಅಂಥದ್ದೇ, ಕುಷ್ಟಗಿ ಕಡೆಯ ಒಂದು ಹಳ್ಳಿಯದು. ಆ ಹಳ್ಳಿ ಬಿಟ್ಟು ಬಂದವನು ನನ್ನ ಅಜ್ಜ. ನಾನು ಅದನ್ನು ನೋಡಿರುವುದು ಮೂರೇ ಸಲ, ಅದರಲ್ಲೂ ಒಂದು ಸಲ ಬಸ್ಸು ಕೆಟ್ಟು ನಿಂತಿದ್ದರಿಂದ.

ಆನೆಗೊಂದಿಯ ರಿಜಿಸ್ಟರಿನಲ್ಲಿ ನನ್ನ ಚಟಕ್ಕೆ ಹೊಸ ಮೇವು ಸಿಕ್ಕಿತು. ಮೊದಲು ಎಲ್ಲ ಬಿಳಿಯರ ಹೆಸರೂ ಒಂದೇ ಥರ ಕಾಣುತ್ತಿದ್ದವು. ಬರೆಯುತ್ತ ಬರೆಯುತ್ತ ಬೇರೆ ಬೇರೆ ಆದವು. ಇಟಲಿಯವರದು ನನಗೆ ಬೇಗ ಕೈಗೆ ಬಂತು. ನಮ್ಮ ಹೆಸರುಗಳ ಹಾಗೆ ಅವರ ಹೆಸರುಗಳೂ ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಕೊನೆಗೊಂದು 'ಇ' ಅಥವಾ 'ಒ' ಇರುತ್ತದೆ. ನಡುವೆ ಒಂದೇ ಅಕ್ಷರ ಎರಡೆರಡು ಸಲ ಬರುತ್ತದೆ. ಕೆಲವರ ಹೆಸರಿನ ಮುಂದೆ 'ದಿ' ಎಂದೋ 'ದೆ' ಎಂದೋ ಬಾಲ ಇರುತ್ತದೆ, ಬಾಲ ಮುಂದಿದ್ದರೂ ಅದು ಬಾಲವೇ. ಇಷ್ಟು ಲಕ್ಷಣ ಇಟ್ಟುಕೊಂಡು ನಾನು ಪಾಸ್‌ಪೋರ್ಟಿನ ಹೊದಿಕೆ ನೋಡುವ ಮೊದಲೇ ದೇಶ ಹೇಳುವ ಆಟ ಶುರುಮಾಡಿದೆ. ಅಳಿಯ ಬಂದವರೆದುರು, "ನಮ್ಮ ಮಾಮಾ ಹೆಸರು ನೋಡೇ ದೇಶ ಹೇಳ್ತಾರ" ಎಂದು ನನ್ನನ್ನು ಪ್ರದರ್ಶನಕ್ಕೆ ಇಡುತ್ತಿದ್ದ. ನನಗೂ ಅದು ಹಿತವಾಗಿತ್ತು.

ಒಮ್ಮೆ ಸರಿಯಾಗಿ ಬಿದ್ದೆ. ಗಂಡ ಹೆಂಡತಿ ಬಂದಿದ್ದರು. ಅಡ್ಡಹೆಸರಿನಲ್ಲಿ ನಾನು ಹೇಳಿದ ಲಕ್ಷಣಗಳೆಲ್ಲ ಇದ್ದವು. "ಇಟಲಿ" ಎಂದೆ. ಅವರು ನಕ್ಕು ಪಾಸ್‌ಪೋರ್ಟ್ ಮುಂದಿಟ್ಟರು. ಅರ್ಜೆಂಟೀನಾ ಎಂದಿತ್ತು. ಆತನ ಮುತ್ತಜ್ಜ ಇಟಲಿ ಬಿಟ್ಟು ಹಡಗು ಹತ್ತಿದವನಂತೆ. ಇವರು ಆ ದೇಶವನ್ನು ಕಂಡವರಲ್ಲ, ಭಾಷೆಯೂ ಬರದು. ಹೆಸರೊಂದು ಮಾತ್ರ ಸಮುದ್ರ ದಾಟಿ ಬಂದು ಉಳಿದಿದೆ. ನನಗೆ ಸೋತೆ ಅನ್ನಿಸಲಿಲ್ಲ. "ನೋಡ್ರಿ, ಬೇರು ಇಟಲೀದ ಹೌದಲ್ಲ" ಎಂದು ಅಳಿಯನೆದುರು ಮೀಸೆ ತಿರುವಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರ ಪೈಕಿ ನಾನು.

ಚಳಿಗಾಲದಲ್ಲಿ ಒಬ್ಬ ಹೆಂಗಸು ಒಬ್ಬರೇ ಬಂದರು. ವಯಸ್ಸು ನನ್ನದೇ ಇರಬೇಕು, ಬಿಳಿ ಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಅವರ ಅಡ್ಡಹೆಸರು 'ನ್' ಎಂದು ಮುಗಿಯುತ್ತಿತ್ತು. ನಾನು ಫ್ರಾನ್ಸ್ ಎಂದೆ. ಅವರು ಕೈಯಾಡಿಸಿ, "ಇಟಲಿ" ಎಂದರು. ಅವರ ಸೀಮೆಯಲ್ಲಿ ಹೆಸರಿನ ಕೊನೆಯ ಸ್ವರ ಉದುರಿಹೋಗುವುದು ಮಾಮೂಲಂತೆ. ಆ ಹೆಸರೂ ಒಂದು ಊರಿನದು. "ಅಲ್ಲಿಂದ ಬಂದವರು ಎಂದು ಅರ್ಥ. ಆ ಊರಲ್ಲಿ ನಾನು ಒಂದು ದಿನವೂ ಇದ್ದಿಲ್ಲ" ಎಂದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಸಮಸಮ ಹರಕು, ಹಾಗಾಗಿ ಮಾತು ಸಲೀಸಾಗಿ ನಡೆಯಿತು.

ಅವರು ತಮ್ಮ ಊರಿನ ಮುನಿಸಿಪಾಲಿಟಿಯಲ್ಲಿ ಜನನ ಮರಣ ನೋಂದಣಿಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಹೆಡ್‌ಮಾಸ್ತರ್ ಆಗಿದ್ದೆ, ಸಾವಿರಾರು ಮಕ್ಕಳ ಹೆಸರು ಅಡ್ಮಿಷನ್ ರಿಜಿಸ್ಟರಿಗೆ ಏರಿಸಿದ್ದೇನೆ ಎಂದಾಗ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಐದಾರು ದಿನ ಇದ್ದರು. ಬೆಳಿಗ್ಗೆ ಬಾಳೆತೋಟದ ನೆರಳಿನಲ್ಲಿ ಚಹಾ ಕುಡಿಯುತ್ತ ಇಬ್ಬರೂ ಅಡ್ಡಹೆಸರಿನ ಮಾತೇ ಆಡುತ್ತಿದ್ದೆವು. ರೊಸ್ಸಿ ಎಂದರೆ ಕೆಂಪು ಕೂದಲಿನವರು ಎಂದರು. ಫಾಬ್ರಿ ಎಂದರೆ ಕಮ್ಮಾರರು. ಮೊಂತಾನಾರಿ ಎಂದರೆ ಬೆಟ್ಟದ ಕಡೆಯವರು, ಥೇಟ್ ನಮ್ಮ ಗುಡ್ಡದ. ನಾನು ನಮ್ಮವನ್ನು ಹೇಳುತ್ತ ಹೋದೆ. ಮೆಣಸಿನಕಾಯಿ ಎಂಬ ಅಡ್ಡಹೆಸರು ಇದೆ ಎಂದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನ್ನ ಆಯುಷ್ಯದಲ್ಲಿ ಇಷ್ಟು ಸುಖವಾಗಿ ಯಾರ ಜೊತೆಗೂ ಹರಟೆ ಹೊಡೆದಿರಲಿಲ್ಲ.

ಹೊರಡುವ ಹಿಂದಿನ ದಿನ ನಾನೇ ಕೇಳಿದೆ. "ಎಸ್ಪೊಸಿತೊ ಅಂತ ಇಬ್ಬರು ಬಂದುಹೋದರು. ಅದು ಯಾವ ಊರು, ಯಾವ ಕಸುಬು?"

ಅವರು ಬಿಡಿಸಿ ಹೇಳಿದರು. ಅದು ಊರೂ ಅಲ್ಲ, ಕಸುಬೂ ಅಲ್ಲ. ಹಿಂದಿನ ಕಾಲದಲ್ಲಿ ಅವರ ದೇಶದಲ್ಲಿ ಸಾಕಲಾಗದ ಕೂಸುಗಳನ್ನು, ತಂದೆ ಯಾರೆಂದು ಹೇಳಲಾಗದ ಕೂಸುಗಳನ್ನು ಮಠದ ಬಾಗಿಲಲ್ಲಿ ಬಿಟ್ಟುಹೋಗುತ್ತಿದ್ದರು. ಅಂಥವರಿಗೆ ಬರೆಯುವವರು ಆ ಹೆಸರು ಬರೆಯುತ್ತಿದ್ದರು. ಹೊರಗೆ ಬಿಟ್ಟದ್ದು ಎಂದು ಅದರ ಅರ್ಥ. ಆ ಕೂಸು ದೊಡ್ಡದಾಗಿ ಎಲ್ಲಿ ಹೋಗಿ ಹೆಸರು ಹೇಳಿದರೂ ಕೇಳಿದವರಿಗೆ ಎಲ್ಲ ತಿಳಿಯುತ್ತಿತ್ತು. ಆಮೇಲೆ ಹಾಗೆ ಬರೆಯಬಾರದು ಎಂದು ಕಾನೂನು ಬಂತು. ಈಗ ಆ ಹೆಸರಿನವರು ಲಕ್ಷಗಟ್ಟಲೆ ಇದ್ದಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. "ಆದರೆ ಮೊದಲ ಕೂಸಿಗೆ?" ಎಂದು ಅವರೇ ಕೇಳಿ, ಅವರೇ ತಲೆ ಅಲ್ಲಾಡಿಸಿದರು.

"ಹಾಗೆ ಬರೆದವರು ಕಟುಕರೇ ಇರಬೇಕು" ಎಂದೆ ನಾನು.

"ಹಳೆಯ ರಿಜಿಸ್ಟರುಗಳನ್ನು ನಾನು ನೋಡಿದ್ದೇನೆ" ಎಂದರು. "ಕೆಟ್ಟವರಂತೆ ಕಾಣುವುದಿಲ್ಲ. ಅಕ್ಷರ ಬಹಳ ಚೆಂದ ಇದೆ."

ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಅದನ್ನು ಕೆಳಗಿಟ್ಟೆ. ಇಪ್ಪತ್ತು ವರ್ಷ ನೆನಪಿಗೆ ಬಾರದಿದ್ದ ಒಬ್ಬ ಹೆಂಗಸು ಬಾಳೆಗಿಡಗಳ ನಡುವಿನಿಂದ ಎದ್ದು ಬಂದು ನನ್ನ ಮುಂದೆ ನಿಂತಳು. ನೆನಪಿಗೆ ಬಾರದಿದ್ದ ಎಂದೆ, ಅದೂ ಸುಳ್ಳು. ಬಂದಾಗಲೆಲ್ಲ ನಾನು ಬೇರೆ ಕಡೆ ನೋಡಿದ್ದೆ.

ಯಲಬುರ್ಗಾ ಕಡೆಯ ಆ ಸಾಲೆಗೆ ನಾನು ಹೆಡ್‌ಮಾಸ್ತರನಾಗಿ ಹೋದ ಹೊಸತು. ಜೂನ್ ತಿಂಗಳು, ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ದಿನಗಳು. ಆಕೆ ಮಗಳ ಕೈ ಹಿಡಿದುಕೊಂಡು ಬಂದು ಬಾಗಿಲ ಹೊರಗೇ ನಿಂತಳು. ಆಕೆಯ ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ ಇತ್ತು. ಆ ಸರ ಹಾಕಿಕೊಂಡವರು ಯಾರೆಂದು ನಮ್ಮ ಕಡೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಡತನಕ್ಕೋ ಹರಕೆಗೋ ಚಿಕ್ಕಂದಿನಲ್ಲೇ ದೇವರಿಗೆ ಬಿಟ್ಟ ಹೆಣ್ಣುಮಕ್ಕಳು ಅವರು. ಮದುವೆ ಇಲ್ಲ, ಮಕ್ಕಳಿಗೆ ಹೇಳಿಕೊಳ್ಳಲು ತಂದೆಯಿಲ್ಲ. ಕಾನೂನು ಅದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು, ಊರಿನ ಬಾಯಿ ನಿಂತಿರಲಿಲ್ಲ. ಅವರಿಗೆ ಬಸವಿ ಎನ್ನುತ್ತಿದ್ದರು, ಹಿಂದಿನಿಂದ, ಕೆಲವೊಮ್ಮೆ ಮುಂದಿನಿಂದಲೂ.

ತಂದೆಯ ಕಾಲಂನಲ್ಲಿ ತಾಯಿಯ ಹೆಸರು ಬರೆದುಕೊಂಡೆ. ಅಲ್ಲಿಯವರೆಗೆ ನಾನು ಒಳ್ಳೆಯವನೇ. ಆಮೇಲೆ ಅಡ್ಡಹೆಸರು ಕೇಳಿದೆ. ಕೇಳಲೇಬೇಕಿತ್ತು ಎಂದಲ್ಲ. ಆ ವರ್ಷ ಆ ಮಗುವಿನದೇ ಹೆಸರಿನ ಹುಡುಗಿಯರು ಒಂದನೇ ತರಗತಿಗೆ ಮೂವರು ಬಂದಿದ್ದರು, ಹಾಜರಿ ಕೂಗುವಾಗ ಗೊಂದಲ ಆಗಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆಕೆ ಸ್ವಲ್ಪ ಯೋಚಿಸಿ, "ಊರ ಹೆಸರು ಹಾಕ್ಕೊಳ್ರಿ ಗುರುಗಳ" ಎಂದಳು.

"ಇದ ಊರಾಗ ಇದ್ದು ಇದ ಊರ ಹೆಸರು ಹೆಂಗ ಬರ್ತೈತಿ? ಊರು ಬಿಟ್ಟು ಹೋದಾವ್ರಿಗೆ ಅದು" ಎಂದೆ. ನನ್ನ ಸಿದ್ಧಾಂತ ಅದು, ಬಿಟ್ಟುಕೊಡಲು ಸಾಧ್ಯವೇ?

"ಹಂಗಾರ ಬ್ಯಾರೆ ಯಾವ್ದರ ಊರಿಂದು ಹಾಕ್ರಿ. ಏನ ಇರಲಿ, ಕೂಗಿದ್ರ ಛಂದ ಕೇಳ್ಬೇಕು" ಎಂದಳು.

ನಾನು ನಕ್ಕೆ. ಹೆಸರೆಂದರೆ ಬೇರು, ಇಷ್ಟ ಬಂದದ್ದನ್ನು ಅಂಟಿಸುವುದಕ್ಕೆ ಅದೇನು ಹಣೆಯ ಟಿಕಳಿಯೇ? ಬಾಗಿಲಲ್ಲಿ ನಿಂತಿದ್ದ ಸಾಲೆಯ ಜವಾನ ಹಲ್ಲುಕಿರಿದು, "ಅವರದೇನ್ರಿ ಸರ್, ಬಸವಿಯವರ ಅಂತ ಬರೀರಿ, ಊರಿಗೆಲ್ಲ ಗೊತ್ತೈತಿ" ಎಂದ. ಆಕೆ ಏನೂ ಅನ್ನಲಿಲ್ಲ. ಅನ್ನಲಿಲ್ಲವಾದ್ದರಿಂದ ಒಪ್ಪಿದಳು ಎಂದುಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನನ್ನ ಧರ್ಮ ಎಂದುಕೊಂಡೆ. ಮಸಿ ಪೆನ್ನಿನಿಂದ, ದುಂಡಗೆ, ಒಂದು ಗೆರೆ ಆಚೀಚೆ ಆಗದ ಹಾಗೆ ಬರೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನಗೆ ಅಷ್ಟೂ ಹಿಡಿಯಲಿಲ್ಲ.

ಏಳು ವರ್ಷ ಆ ಹೆಸರನ್ನು ದಿನಾ ಬೆಳಿಗ್ಗೆ ತರಗತಿಯಲ್ಲಿ ಕೂಗಲಾಯಿತು. ಅದರಲ್ಲಿ ಎರಡು ವರ್ಷ ನಾನೇ ಕೂಗಿದ್ದೇನೆ. ಹುಡುಗಿ "ಹಾಜರ್ ಸರ್" ಎನ್ನುತ್ತಿದ್ದುದು ಬರಬರುತ್ತ ಸಣ್ಣಗಾಯಿತು. ಕೊನೆಕೊನೆಗೆ ಬರೀ ಕೈ ಎತ್ತುತ್ತಿದ್ದಳು. ಬಾಯಿ ಇಲ್ಲೇನು ಎಂದು ಗದರಿದ್ದೂ ಇದೆ. ಹುಡುಗರು ಆಟದ ಬಯಲಿನಲ್ಲಿ ಅದನ್ನೇ ರಾಗ ಮಾಡಿ ಹಾಡುತ್ತಿದ್ದರು. ಅವರಿಗೆ ಎರಡೇಟು ಬಿಗಿದು ನನ್ನ ಕರ್ತವ್ಯ ಮುಗಿಯಿತು ಎಂದು ಕೋಣೆಗೆ ಬಂದಿದ್ದೇನೆ.

ಏಳನೇ ತರಗತಿ ಮುಗಿಸಿ ಟಿ.ಸಿ. ತೆಗೆದುಕೊಳ್ಳಲು ತಾಯಿ ಮಗಳು ಇಬ್ಬರೂ ಬಂದರು. ಈ ಸಲ ಹುಡುಗಿಯೇ ಮಾತಾಡಿದಳು. "ಸರ್, ಅಡ್ಡಹೆಸರು ತಗದು ಕೊಡ್ರಿ. ಹೈಸ್ಕೂಲಿನ್ಯಾಗ ಬ್ಯಾಡ." ಕಣ್ಣು ನನ್ನ ಮುಖದ ಮೇಲೇ ಇತ್ತು.

"ರಿಜಿಸ್ಟರಿನ್ಯಾಗ ಇದ್ದದ್ದನ್ನ ಇಳಿಸೂದು ಟಿ.ಸಿ. ಅಂದ್ರ. ನನ್ನ ಕೈಯಾಗ ಏನೈತವ್ವಾ?" ಎಂದೆ.

ನನ್ನ ಕೈಯಲ್ಲಿ ಇತ್ತು. ಬಿ.ಇ.ಒ. ಆಫೀಸಿಗೆ ಒಂದು ಅರ್ಜಿ ಬರೆದು, ನಾಲ್ಕು ಸಲ ತಿರುಗಿ, ಬಂದ ಆದೇಶದಂತೆ ಹಳೆಯದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕಕ್ಕೆ ಹೊಸದು ಬರೆದು ಸಹಿ ಹಾಕಬಹುದಿತ್ತು. ಬೇರೆಯವರಿಗೆ ಹುಟ್ಟಿದ ತಾರೀಕು ತಿದ್ದಲು ಹಾಗೆ ತಿರುಗಿದ ಮಾಸ್ತರರನ್ನು ನಾನು ಬಲ್ಲೆ. ಆದರೆ ನನ್ನ ರಿಜಿಸ್ಟರಿನಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ. ತಪಾಸಣೆಗೆ ಬಂದ ಸಾಹೇಬರು ಅದನ್ನು ಉಳಿದ ಹೆಡ್‌ಮಾಸ್ತರರಿಗೆ ತೋರಿಸಿ, ಹೀಗೆ ಇಡಬೇಕು ನೋಡಿ ಎಂದಿದ್ದರು. ಆ ಒಂದು ಮಾತಿಗಾಗಿ, ಆ ಬಿಳಿ ಹಾಳೆಗಾಗಿ ನಾನು ಆ ಹುಡುಗಿಯನ್ನು ಹಾಗೇ ಕಳಿಸಿದೆ. ನಿಯಮ ಅಡ್ಡ ಬಂತು ಎಂದು ಇಷ್ಟು ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಅಡ್ಡ ಬಂದದ್ದು ನನ್ನ ಜಂಬ.

ಇಟಲಿಯ ಆ ಅಮ್ಮನಿಗೆ ನಾನು ಇದನ್ನು ಹೇಳಲಿಲ್ಲ. ಹರಕು ಇಂಗ್ಲಿಷಿನಲ್ಲಿ ಹೇಳಲಾಗುವ ಮಾತಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಕನ್ನಡದಲ್ಲೂ ಹೇಳುತ್ತಿರಲಿಲ್ಲ. ಮರುದಿನ ಅವರು ಹೊರಟರು. ರಿಜಿಸ್ಟರಿನಲ್ಲಿ ನಾನು ಬರೆದ ತಮ್ಮ ಹೆಸರನ್ನು ಮತ್ತೊಮ್ಮೆ ನೋಡಿ, "ಅಕ್ಷರ ಚೆಂದ ಇದೆ" ಎಂದರು. ಹೊಗಳಿಕೆಗೇ ಹೇಳಿದರು. ನಾನು ತಲೆ ತಗ್ಗಿಸಿ ಅವರ ಚೀಲ ಎತ್ತಿಕೊಟ್ಟೆ.

ಆ ವಾರವೇ ಸಾಲೆಗೆ ಹೋದೆ. ಗಂಗಾವತಿಯಿಂದ ಕೊಪ್ಪಳ, ಕೊಪ್ಪಳದಿಂದ ಯಲಬುರ್ಗಾ ಬಸ್ಸು. ಹಿಟ್ನಾಳದ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತಾಗ ಇಳಿದು ವಾಪಸು ಹೋಗೋಣವೇ ಎನ್ನಿಸಿತು. ಈಗಿನ ಹೆಡ್‌ಮಿಸ್ಟ್ರೆಸ್ ವಯಸ್ಸಿನಲ್ಲಿ ನನ್ನ ಮಗಳಷ್ಟು. ಹಿರಿಯರು ಬಂದಿದ್ದಾರೆ ಎಂದು ಚಹಾ ತರಿಸಿ, ಕಪಾಟಿನಿಂದ ರಿಜಿಸ್ಟರ್ ತೆಗೆದುಕೊಟ್ಟರು. ಹಾಳೆ ಹಳದಿಯಾಗಿತ್ತು, ಅಕ್ಷರ ಮಾಸಿರಲಿಲ್ಲ. ಆ ಹೆಸರು ಹಾಗೇ ಇತ್ತು. "ನಿಮ್ಮಷ್ಟು ಛಂದ ಯಾರೂ ಬರದಿಲ್ರಿ ಸರ್" ಎಂದರು ಅವರು. ಈಗ ತಿದ್ದಬಹುದೇ ಎಂದು ಕೇಳಿದೆ. ಆ ವಿದ್ಯಾರ್ಥಿನಿಯೇ ಬಂದು ಅರ್ಜಿ ಕೊಡಬೇಕು ಎಂದರು. ಅವಳು ಎಲ್ಲಿದ್ದಾಳೆ ಎಂದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಾಯಿ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ಕುಷ್ಟಗಿಯಲ್ಲಿ ಹೈಸ್ಕೂಲು ಓದಿದಳಂತೆ, ಆಮೇಲೆ ನರ್ಸಿಂಗ್ ಓದಿದಳಂತೆ ಎಂದು ಒಬ್ಬರು ಅಂದರು. ಅಲ್ಲಿಗೆ ದಾರಿ ಮುಗಿಯಿತು. ನನಗೆ ಒಳಗೊಳಗೇ ಸಮಾಧಾನವೂ ಆಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಹುಡುಕಿದೆ, ಸಿಗಲಿಲ್ಲ, ಇನ್ನೇನು ಮಾಡಲಿ ಎಂದು ಮನೆಗೆ ಬಂದೆ.

ಬೇಸಿಗೆ ಶುರುವಾಗುತ್ತಿದ್ದ ಹಾಗೆ ನನಗೆ ತಲೆಸುತ್ತು ಬರತೊಡಗಿತು. ಹೆಂಡತಿ ಬೆನ್ನುಹತ್ತಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದಳು. ಬಿ.ಪಿ., ಸಕ್ಕರೆ ನೋಡುವ ಕೋಣೆಯಲ್ಲಿ ಮೇಜಿನ ಆಚೆ ಒಬ್ಬ ಸಿಸ್ಟರ್ ಕುಳಿತಿದ್ದಳು. ಮೂವತ್ತು ದಾಟಿದ ವಯಸ್ಸು, ಬಿಗಿಯಾಗಿ ಕಟ್ಟಿದ ತಲೆ, ಅವಸರವಿಲ್ಲದ ಕೈ. ನನ್ನನ್ನು ಒಂದು ಗಳಿಗೆ ನೋಡಿ, ಕುರ್ಚಿ ತೋರಿಸಿ, ತೋಳಿಗೆ ಪಟ್ಟಿ ಸುತ್ತತೊಡಗಿದಳು. ಎದೆಯ ಮೇಲಿನ ಹೆಸರಿನ ಬಿಲ್ಲೆ ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಹೆಸರಿನ ಮೊದಲಕ್ಷರ ಇಂಗ್ಲಿಷಿನಲ್ಲಿತ್ತು. ಆಮೇಲೆ ನವಲಿ ಎಂದಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು. ಸಾಲೆಗೆ ಹೋಗಿ ರಿಜಿಸ್ಟರ್ ನೋಡಿ, ತಿದ್ದಬಹುದೇ ಎಂದು ಕೇಳಿ ಬಂದವನು ಮೂರು ತಿಂಗಳು ತುಂಬುವ ಮೊದಲೇ ಬಾಯಿ ತೆರೆದೆ.

"ನವಲಿ ಅಂದ್ರ ಕನಕಗಿರಿ ಕಡೆಯಾವ್ರ ಏನವ್ವಾ? ಅಲ್ಲಿಂದ ಬಿಟ್ಟು ಬಂದು ಎಷ್ಟು ತಲಿಮಾರು ಆತು?"

ಪಟ್ಟಿಗೆ ಗಾಳಿ ತುಂಬುತ್ತಿದ್ದ ಅವಳ ಕೈ ನಿಂತಿತು. "ನವಲಿ ನಾ ನೋಡಿಲ್ರಿ ಸರ್" ಎಂದಳು.

"ಮತ್ತ ಅಡ್ಡಹೆಸರು?"

"ಹೆಸರು ಬದಲಿ ಮಾಡ್ಸಾಕ ವಕೀಲರ ಹತ್ರ ಹೋಗಿದ್ದೆ. ಏನಂತ ಇಡ್ತೀ ಅಂದ್ರು. ನಾ ಅದನ್ನ ಯೋಚನಿ ಮಾಡಿರಲಿಲ್ಲ. ಹೊರಗ ಬಂದು ಬಸ್‌ಸ್ಟ್ಯಾಂಡಿನ್ಯಾಗ ನಿಂತೆ. ಎದುರಿಗಿ ಒಂದು ಬಸ್ಸು ಇತ್ತು. ಬೋರ್ಡಿನ ಮ್ಯಾಲೆ ನವಲಿ ಅಂತಿತ್ತು. ಕೂಗಿದ್ರ ಛಂದ ಕೇಳ್ತೈತಿ ಅನ್ನಿಸ್ತು."

ಕೂಗಿದರೆ ಚೆಂದ ಕೇಳಬೇಕು. ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ತಾಯಿಯ ಹಣೆ, ತಾಯಿಯ ಗದ್ದ. ಟಿ.ಸಿ. ಕೇಳಲು ಬಂದ ದಿನ ನನ್ನ ಮುಖದ ಮೇಲೆ ನಿಂತಿದ್ದ ಅದೇ ಕಣ್ಣು. ನಾನು ಕೋಣೆಗೆ ಕಾಲಿಟ್ಟ ಕ್ಷಣವೇ ಅವಳು ನನ್ನನ್ನು ಗುರುತಿಸಿದ್ದಳು. ಗುರುತಿಸುವುದೇ ನನ್ನ ಕಸುಬು ಎನ್ನುತ್ತಿದ್ದವನು ಅವಳ ಎದುರಿಗೆ ಕುಳಿತು ಅವಳ ಊರು ಕೇಳುತ್ತಿದ್ದೆ.

"ಬದಲಿ ಮಾಡ್ಸೂದು ತ್ರಾಸ ಆತೇನು?" ಎಂದೆ.

"ತ್ರಾಸ ಅಂದ್ರ ಬರೇ ಕಾಗದದ್ದಲ್ರಿ. ಮಾರ್ಕ್ಸ್ ಕಾರ್ಡಿನ್ಯಾಗ ಒಂದು, ನೌಕ್ರಿ ಆರ್ಡರಿನ್ಯಾಗ ಒಂದು ಆಗಿ ಭಾಳ ತಿರುಗಾಡಿದೆ. ಪ್ರತಿ ಟೇಬಲ್ಲಿನ್ಯಾಗ ಹಳೇ ಹೆಸರು ಓದಿ, ಇದನ್ಯಾಕ ಬಿಡ್ತೀರಿ, ಏನಂದ್ರ ಇದು ಅಂತ ಕೇಳ್ತಿದ್ರು. ಗೊತ್ತಿದ್ದೂ ಕೇಳ್ತಿದ್ರು. ಅಷ್ಟೂ ಮಂದಿಗಿ ಹೇಳಿದೆ. ಅವ್ವ ಇದ್ದಾಗ ಆಗಲಿಲ್ಲ, ಅದೊಂದು ಐತಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹಿಂದೆ ಸಾಲಿನಲ್ಲಿ ನಾಲ್ಕಾರು ಜನ ಕೆಮ್ಮುತ್ತ ಕಾಯುತ್ತಿದ್ದರು. ಅವರ ಮುಂದೆಯೇ ಹೇಳಬೇಕಾಯಿತು.

"ನಂದು ತಪ್ಪಾತು ತಂಗಿ. ಅವತ್ತ ನಿಮ್ಮವ್ವ ಹೇಳಿದಂಗ ಬರೀಬೇಕಿತ್ತು. ನೀ ತಗದು ಕೊಡ್ರಿ ಅಂದಾಗರ ತಗೀಬೇಕಿತ್ತು. ನನ್ನ ಕೈಯಾಗ ಇತ್ತು, ಮಾಡಲಿಲ್ಲ."

"ಕೈ ಸಡಲ ಬಿಡ್ರಿ ಸರ್" ಎಂದಳು ಅವಳು. "ಬಿಗಿ ಹಿಡಿದ್ರ ಬಿ.ಪಿ. ತಪ್ಪು ತೋರಸ್ತೈತಿ."

ಸಡಿಲ ಬಿಟ್ಟೆ. ಪಟ್ಟಿ ಉಬ್ಬಿತು, ಇಳಿಯಿತು. ಬಿ.ಪಿ. ಹೆಚ್ಚಿದೆ, ಉಪ್ಪು ಕಡಿಮೆ ಮಾಡಿ, ಡಾಕ್ಟರರು ಗುಳಿಗೆ ಬರೆದುಕೊಡುತ್ತಾರೆ ಎಂದಳು. ತಪ್ಪಾಯಿತು ಎಂದದ್ದಕ್ಕೆ ಇರಲಿ ಬಿಡಿ ಎನ್ನಲಿಲ್ಲ. ಎನ್ನಬೇಕೆಂದು ನಾನು ಕಾದೆ, ಅದನ್ನೂ ಹೇಳಿಬಿಡುತ್ತೇನೆ.

ತಿಂಗಳಿಗೊಮ್ಮೆ ತರಬೇಕಾದ ಹೊಸ ಕಾರ್ಡು ತೆಗೆದಳು. ನನ್ನ ಹೆಸರನ್ನು ಕೇಳದೆಯೇ ಬರೆದಳು, ಮರೆತಿರಲಿಲ್ಲ. ಅಕ್ಷರ ದುಂಡಗಿದ್ದವು, ನನ್ನ ಸಾಲೆಯಲ್ಲಿ ಕಲಿತ ಅಕ್ಷರ. ಆಮೇಲೆ ಪೆನ್ನು ಎತ್ತಿ ನನ್ನ ಕಡೆ ನೋಡಿದಳು. ನನ್ನ ಅಡ್ಡಹೆಸರೂ ಅವಳಿಗೆ ಗೊತ್ತಿತ್ತು. ಏಳು ವರ್ಷ ಸಾಲೆಯ ಬೋರ್ಡಿನ ಮೇಲೆ ಓದಿದ್ದಳು.

"ಅಡ್ಡಹೆಸರು ಏನಂತ ಬರೀಲಿ ಸರ್? ನೀವು ಹೇಳಿದಂಗ ಬರೀತೀನಿ."

ಮೂರೇ ಸಲ ನೋಡಿದ ಆ ಊರಿನ ಹೆಸರು ಹೇಳಿದೆ. ಹೇಳಿದ ಹಾಗೆಯೇ ಬರೆದುಕೊಟ್ಟಳು.